ಅಪ್ಪನ ಧೋತರಕ್ಕೆ ಈರುಳ್ಳಿ ಸಿಪ್ಪೆಯ ಬಣ್ಣ: ಮನೆಯಲ್ಲೇ ಬಣ್ಣ ಹಾಕಿ ಕೌದಿ ಹೊಲಿಯುವುದು ಹೇಗೆ

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನಿಂದ ಒಂದು ಗಂಟು ಕಟ್ಟಿ ಕಳಿಸಿದಳು. ಬಿಚ್ಚಿದರೆ ಎಂಟು ಬಿಳಿ ಧೋತರ. ಸಾಲಿ ಮಾಸ್ತರಾಗಿದ್ದ ಅಪ್ಪ ಮೂವತ್ತು ವರ್ಷ ಉಟ್ಟು, ಒಗೆದು, ಗಂಜಿ ಹಾಕಿ, ಮತ್ತೆ ಉಟ್ಟು ಮೆತ್ತಗೆ ಮಾಡಿದ ಅರಿವೆ. ಡೊಂಬಿವಲಿಯ ನಮ್ಮ ಸಣ್ಣ ಮನೆಯಲ್ಲಿ ಇವನ್ನು ಎಲ್ಲಿಡುವುದು? ನೆಲ ಒರೆಸಲು ಹಾಕುವುದಕ್ಕೆ ಮನಸ್ಸು ಬರಲಿಲ್ಲ. ಫೋನ್ ಮಾಡಿ ಕೇಳಿದೆ. "ಕೌದಿ ಹೊಲಕೋ, ನಿನ್ನ ಮಗಳು ಹೊದ್ಕೊಂಡು ಮಲಗಲಿ" ಅಂದಳು ಅವ್ವ.

ಎಲ್ಲ ಬಿಳಿ ತುಂಡುಗಳೇ ಇದ್ದರೆ ಕೌದಿಗೆ ಕಳೆ ಇರುವುದಿಲ್ಲ. ಅಂಗಡಿಯಿಂದ ಬಣ್ಣದ ಬಟ್ಟೆ ತಂದು ಅಪ್ಪನ ಧೋತರದ ಜೊತೆ ಸೇರಿಸಲೂ ಇಷ್ಟವಾಗಲಿಲ್ಲ. ಹಾಗಾಗಿ ಧೋತರಕ್ಕೇ ಬಣ್ಣ ಹಾಕಲು ಕಲಿತೆ. ಈರುಳ್ಳಿ ಸಿಪ್ಪೆ, ದಾಳಿಂಬೆ ಸಿಪ್ಪೆ, ದಸರೆಯ ಚೆಂಡುಹೂ. ಬೇಕಾದದ್ದು ಗ್ಯಾಸಿನ ಒಂದು ಒಲೆ, ಒಂದು ದೊಡ್ಡ ಸ್ಟೀಲ್ ಪಾತ್ರೆ, ಎರಡು ಬಕೆಟ್, ಬಟ್ಟೆ ಒಣಗಿಸಲು ಗ್ಯಾಲರಿಯ ಹಗ್ಗ. ಮುಂಬಯಿಯ ಯಾವ ಮನೆಯಲ್ಲೂ ಇಷ್ಟು ಇರುತ್ತದೆ, ಅಲ್ವಾ?

ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರಿಗೂ ಬಣ್ಣದ ಪಾತ್ರೆಯ ಹತ್ತಿರ ಬೇಗ ಹೋಗಬೇಕು ಅನ್ನುವ ಆಸೆ. ಆದರೆ ಬಣ್ಣ ನಿಲ್ಲುವುದು ಅದಕ್ಕೂ ಮುಂಚಿನ ಎರಡು ಮೂರು ದಿನದ ಕೆಲಸದಿಂದ. ಆ ಕೆಲಸ ನೋಡಲು ಏನೂ ಚೆಂದ ಇಲ್ಲ. ದಯವಿಟ್ಟು ಅದನ್ನು ಬಿಡಬೇಡಿ.

ಬಟ್ಟೆ ಮತ್ತು ತೂಕ

ಹತ್ತಿ ಬಟ್ಟೆಯೇ ಆಗಬೇಕು. ರೇಷ್ಮೆ, ಉಣ್ಣೆ ಇನ್ನೂ ಸುಲಭವಾಗಿ ಬಣ್ಣ ಹಿಡಿಯುತ್ತವೆ, ಆದರೆ ಕೌದಿಗೆ ಹತ್ತಿಯೇ ಸರಿ. ಹಳೇ ಧೋತರ, ಲುಂಗಿ, ಬಿಳಿ ದುಪ್ಪಟ್ಟಾ, ಹಾಸಿಗೆಯ ಚಾದರ ಯಾವುದಾದರೂ ನಡೆಯುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಮಂಗಳದಾಸ್ ಮಾರ್ಕೆಟ್ಟಿಗೆ ಹೋಗಿ ಮಂಜರಪಾಟ ಅಥವಾ ಕೋರಾ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ ಕೇಳಿ. ಖಾದಿ ಭಂಡಾರದಲ್ಲೂ ಸಿಗುತ್ತದೆ.

"ಪ್ಯೂರ್ ಕಾಟನ್" ಅಂದ ಮಾತನ್ನು ನಂಬಿ ಸುಮ್ನೆ ಕೊಳ್ಳಬೇಡಿ. ನಾನೊಮ್ಮೆ ಹಾಗೆ ತಂದ ಬಟ್ಟೆ ಎಷ್ಟು ಕುದಿಸಿದರೂ ಬಿಸ್ಕತ್ತಿನ ಬಣ್ಣ ದಾಟಲಿಲ್ಲ. ಅಂಚಿನಿಂದ ಒಂದೆರಡು ಎಳೆ ಕಿತ್ತು ದೀಪಕ್ಕೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ತುದಿಯಲ್ಲಿ ಗಟ್ಟಿ ಮಣಿಯ ಹಾಗೆ ಮುದ್ದೆಯಾಗುತ್ತದೆ. ಪಾಲಿಯೆಸ್ಟರ್ ಎಳೆ ಈ ಬಣ್ಣಗಳನ್ನು ಹಿಡಿಯುವುದಿಲ್ಲ.

ಬಟ್ಟೆ ಒಣಗಿರುವಾಗಲೇ ತೂಕ ಮಾಡಿ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಅಳತೆಯೂ ಈ ತೂಕದ ಮೇಲೆಯೇ. ಅಪ್ಪನ ಒಂದು ಧೋತರ ಸುಮಾರು 300 ಗ್ರಾಂ ಇತ್ತು. ಮೂರು ತುಂಡು ಮಾಡಿದೆ, ಒಂದೊಂದು 100 ಗ್ರಾಂ. ಲೆಕ್ಕ ಸುಲಭವಾಯಿತು. ಕೆಳಗಿನ ಅಳತೆಗಳೆಲ್ಲ 100 ಗ್ರಾಂ ಒಣ ಬಟ್ಟೆಗೆ. ಇಷ್ಟಕ್ಕೆ 3 ಲೀಟರ್ ನೀರು ಸಾಕು. ಬಟ್ಟೆ ಪಾತ್ರೆಯಲ್ಲಿ ಆರಾಮಾಗಿ ಈಜಾಡುವಂತಿರಬೇಕು, ತುರುಕಿದರೆ ಬಣ್ಣ ಒಂದೇ ಸಮ ಬರುವುದಿಲ್ಲ.

ಗಂಜಿ ಬಿಡಿಸುವುದು

ನನ್ನ ಮೊದಲ ಧೋತರ ಹಾಳಾದದ್ದು ಇಲ್ಲೇ. ಇಷ್ಟು ವರ್ಷ ಒಗೆದ ಬಟ್ಟೆ, ಇನ್ನೇನು ಸ್ವಚ್ಛ ಮಾಡುವುದಿದೆ ಅಂದುಕೊಂಡು ನೇರವಾಗಿ ಬಣ್ಣಕ್ಕೆ ಹಾಕಿದೆ. ತೆಗೆದು ನೋಡಿದರೆ ಅಲ್ಲಲ್ಲಿ ಮೋಡ ಕವಿದ ಹಾಗೆ ಕಲೆ. ಒಂದು ಕಡೆ ಗಾಢ, ಒಂದು ಕಡೆ ಬಿಳಿಚು. ಅಪ್ಪನ ಧೋತರಕ್ಕೆ ಅವ್ವ ಪ್ರತಿ ವಾರ ಅನ್ನದ ಗಂಜಿ ಹಾಕುತ್ತಿದ್ದಳು, ನೀಲಿ ಹಾಕುತ್ತಿದ್ದಳು. ಆ ಗಂಜಿ ಎಳೆಯೊಳಗೇ ಕೂತಿತ್ತು. ಅದು ಇದ್ದ ಕಡೆ ಬಣ್ಣ ಒಳಗೆ ಹೋಗಲೇ ಇಲ್ಲ.

ಆದ್ದರಿಂದ ಮೊದಲು ಬಟ್ಟೆಯನ್ನು ಒಂದು ರಾತ್ರಿ ಬರೀ ನೀರಲ್ಲಿ ನೆನೆಸಿ ಹಿಂಡಿ. ಬೆಳಿಗ್ಗೆ 3 ಲೀಟರ್ ನೀರಿಗೆ 2 ಗ್ರಾಂ ವಾಷಿಂಗ್ ಸೋಡಾ ಮತ್ತು ಬಟ್ಟೆ ಸೋಪಿನ ಒಂದು ಸಣ್ಣ ತುಂಡು ಹಾಕಿ, ಅದರಲ್ಲಿ ಬಟ್ಟೆಯನ್ನು ಒಂದು ತಾಸು ಕುದಿಸಿ. ಅಡುಗೆ ಸೋಡಾ ಬೇರೆ, ಇದು ಬೇರೆ. ಕಿರಾಣಿ ಅಂಗಡಿಯಲ್ಲಿ ಬಟ್ಟೆ ಒಗೆಯುವ ಸೋಡಾ ಅಂತಲೇ ಕೇಳಿ.

ಹೊಸ ಕೋರಾ ಬಟ್ಟೆಯಾದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹತ್ತಿಯ ಮೇಣ, ಮಗ್ಗದ ಗಂಜಿ ಎಲ್ಲ ಬಿಟ್ಟುಕೊಂಡಿತು ಅಂತ ಅರ್ಥ. ನೀರು ತುಂಬಾ ಕಂದಾಗಿದ್ದರೆ ಇನ್ನೊಂದು ಸಲ ಕುದಿಸಿ. ಕೊನೆಗೆ ಚೆನ್ನಾಗಿ ಜಾಲಾಡಿಸಿ. ಸರಿಯಾಗಿದೆಯಾ ಅಂತ ನೋಡಲು ಒಣ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಇನ್ನೂ ಕೆಲಸ ಬಾಕಿ. ಬಿದ್ದ ತಕ್ಷಣ ಹೀರಿಕೊಂಡರೆ ಬಟ್ಟೆ ತಯಾರು.

ಅಳಲೆಕಾಯಿ ಮೊದಲು, ಪಟಿಕ ಆಮೇಲೆ

ಹತ್ತಿಗೂ ಗಿಡದ ಬಣ್ಣಕ್ಕೂ ತಾನಾಗಿ ಸ್ನೇಹ ಆಗುವುದಿಲ್ಲ. ನಡುವೆ ಯಾರಾದರೂ ನಿಂತು ಕೈ ಹಿಡಿಸಬೇಕು. ಆ ಕೆಲಸ ಪಟಿಕದ್ದು. ಕ್ಷೌರದ ಅಂಗಡಿಯಲ್ಲಿ ಗಡ್ಡ ಮಾಡಿದ ಮೇಲೆ ಉಜ್ಜುವ ಬಿಳಿ ಕಲ್ಲು ಇದೆಯಲ್ಲ, ಅದೇ. ಇಲ್ಲಿ ಮರಾಠಿಯಲ್ಲಿ ತುರಟಿ ಅಂತಾರೆ. ಪಟಿಕದಲ್ಲಿರುವ ಅಲ್ಯೂಮಿನಿಯಂ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಆದರೆ ಹತ್ತಿಯ ಮೇಲೆ ಪಟಿಕವೂ ಸರಿಯಾಗಿ ನಿಲ್ಲುವುದಿಲ್ಲ. ಅದಕ್ಕೇ ಮೊದಲು ಒಗರಿನ ಅಂಶ ಜಾಸ್ತಿ ಇರುವ ಅಳಲೆಕಾಯಿ ಕೊಡಬೇಕು. ಒಗರು ಹತ್ತಿಯನ್ನು ಹಿಡಿಯುತ್ತದೆ, ಪಟಿಕ ಒಗರನ್ನು ಹಿಡಿಯುತ್ತದೆ, ಬಣ್ಣ ಪಟಿಕವನ್ನು ಹಿಡಿಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ನಾಲ್ಕು ಒಗೆತಕ್ಕೆ ಬಣ್ಣ ಹೋಗಿಬಿಡುತ್ತದೆ.

ಅಳಲೆಕಾಯಿ ಪುಡಿ ಆಯುರ್ವೇದದ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಮುಂಬಯಿಯಲ್ಲಿ ಹಿರಡಾ ಪುಡಿ ಅಂತ ಕೇಳಿದರೆ ಕೂಡಲೇ ಕೊಡುತ್ತಾರೆ. 20 ಗ್ರಾಂ ಪುಡಿಯನ್ನು ಬಿಸಿನೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಬಕೆಟ್ಟಿನ ಬಿಸಿನೀರಿಗೆ ಸೇರಿಸಿ, ಒದ್ದೆ ಬಟ್ಟೆ ಮುಳುಗಿಸಿ. ಆಗಾಗ ಮಗುಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಿಂಡಿ ಒಣಗಿಸಿ. ಜಾಲಾಡಿಸಬೇಡಿ. ಬಟ್ಟೆ ಈಗಲೇ ಬೆಣ್ಣೆ ಹಳದಿ ಆಗಿರುತ್ತದೆ. ಅಡುಗೆಮನೆಯಲ್ಲಿ ಕಷಾಯ ಕಾಯಿಸಿದ ವಾಸನೆ ಬರುತ್ತದೆ. ನನಗೆ ಆ ವಾಸನೆ ಇಷ್ಟ, ಸಣ್ಣವಳಿದ್ದಾಗ ಕೆಮ್ಮಿಗೆ ಅವ್ವ ಅಳಲೆಕಾಯಿ ತೇದು ನೆಕ್ಕಿಸುತ್ತಿದ್ದಳು.

ಒಣಗಿದ ಮೇಲೆ ಪಟಿಕ. 15 ಗ್ರಾಂ ಪಟಿಕವನ್ನು ಜಜ್ಜಿ ಕುದಿಯುವ ನೀರಲ್ಲಿ ಪೂರ್ತಿ ಕರಗಿಸಿ, 3 ಲೀಟರ್ ಬಿಸಿನೀರಿಗೆ ಸೇರಿಸಿ, ಬಟ್ಟೆ ಹಾಕಿ ಮತ್ತೆ ಒಂದು ರಾತ್ರಿ ಬಿಡಿ. ಜಜ್ಜುವಾಗ ಏಳುವ ಪುಡಿ ಮೂಗಿಗೆ ಹೋಗದಿರಲಿ. ಬೆಳಿಗ್ಗೆ ಒಂದೇ ಸಲ ತೆಳ್ಳಗೆ ಜಾಲಾಡಿಸಿ. ಕೂಡಲೇ ಬಣ್ಣಕ್ಕೆ ಹಾಕಬಹುದು, ಒಣಗಿಸಿ ಇಟ್ಟುಕೊಂಡು ಮುಂದಿನ ಭಾನುವಾರವೂ ಹಾಕಬಹುದು. ಕೆಲಸಕ್ಕೆ ಹೋಗುವವರಿಗೆ ಇದೇ ಅನುಕೂಲ. ನಾನು ವಾರದ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ನೆನೆಸುವ ಕೆಲಸ ಮುಗಿಸುತ್ತೇನೆ. ಬೆಳಿಗ್ಗೆ ನಲ್ಲಿ ನೀರು ಬರುವ ಹೊತ್ತಿಗೆ ಹಿಂಡಿ ಹಾಕಿ, ಲೋಕಲ್ ಹಿಡಿಯಲು ಓಡುತ್ತೇನೆ.

ಪಾತ್ರೆಯ ಬಗ್ಗೆ ಒಂದು ಖಂಡಿತ ಮಾತು. ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಜಾಲರಿ ಬಣ್ಣಕ್ಕೇ ಇರಲಿ. ಅಡುಗೆಗೆ ವಾಪಸ್ ತರಬೇಡಿ. ಗುಜರಿ ಅಂಗಡಿಯಲ್ಲಿ (ಇಲ್ಲಿ ಭಂಗಾರ್ ಅಂತಾರೆ) ಹಳೇ ಸ್ಟೀಲ್ ಪಾತ್ರೆ ಅಗ್ಗಕ್ಕೆ ಸಿಗುತ್ತದೆ. ಕಬ್ಬಿಣದ್ದು ಬೇಡ, ಅದು ಬಣ್ಣವನ್ನೇ ಕಪ್ಪಾಗಿಸುತ್ತದೆ. ಕುದಿಸುವಾಗ ಕಿಟಕಿ ತೆರೆದಿರಲಿ, ಕೈಗೆ ರಬ್ಬರ್ ಗವಸು ಇರಲಿ.

ಈರುಳ್ಳಿ ಸಿಪ್ಪೆ

ಮೊದಲ ಬಣ್ಣ ಇದೇ ಆಗಲಿ. ಇದರಷ್ಟು ಕೈ ಹಿಡಿಯುವ ಬಣ್ಣ ಬೇರೆ ಇಲ್ಲ.

ಗಾಢ ಬಣ್ಣಕ್ಕೆ ಬಟ್ಟೆಯ ತೂಕದಷ್ಟೇ ಒಣ ಸಿಪ್ಪೆ ಬೇಕು. 100 ಗ್ರಾಂ ಬಟ್ಟೆಗೆ 100 ಗ್ರಾಂ. ಕೇಳಲು ಸಣ್ಣದು, ಆದರೆ ಸಿಪ್ಪೆ ಎಷ್ಟು ಹಗುರ ಅಂದರೆ ಅದು ಒಂದು ದೊಡ್ಡ ಚೀಲ ಆಗುತ್ತದೆ. ನಮ್ಮ ಮೂರು ಜನರ ಮನೆಯಲ್ಲಿ ಕೂಡಿಸಿದರೆ ತಿಂಗಳುಗಟ್ಟಲೆ ಬೇಕು. ತೆಳು ಬಣ್ಣ ಸಾಕು ಅನ್ನುವವರಿಗೆ 50 ಗ್ರಾಂ ಆದರೂ ನಡೆಯುತ್ತದೆ.

ನನಗೆ ದಾರಿ ತೋರಿಸಿದ್ದು ಮಾಟುಂಗಾದ ಒಂದು ಉಡುಪಿ ಹೋಟೆಲು. ದೋಸೆ ಪಲ್ಯಕ್ಕೆ, ಸಾಂಬಾರಿಗೆ ದಿನಾ ಮೂಟೆಗಟ್ಟಲೆ ಈರುಳ್ಳಿ ಸುಲಿಯುತ್ತಾರೆ. ಗಲ್ಲಾದಲ್ಲಿ ಕೂತಿದ್ದ ಅಣ್ಣನಿಗೆ ಕನ್ನಡದಲ್ಲೇ ಕೇಳಿದೆ. "ಸಿಪ್ಪೆಯಾ? ಎಂತಕ್ಕೆ?" ಅಂದರು. ಹೇಳಿದೆ. ದುಡ್ಡು ಎಷ್ಟಾಗುತ್ತದೆ ಅಂದೆ. "ಬಿಸಾಡುವ ಸಿಪ್ಪೆಗೆ ದುಡ್ಡು ತಗೊಳ್ಳಲಿಕ್ಕುಂಟಾ ಅಕ್ಕ, ಕೊಂಡು ಹೋಗಿ" ಅಂದರು. ಮರುವಾರ ಒಂದು ಗೋಣಿಚೀಲ ಕಟ್ಟಿಟ್ಟಿದ್ದರು. ಒಣಗಿದ ಹೊರಸಿಪ್ಪೆ ಮಾತ್ರ, ಹಸಿ ತುಂಡು ಒಂದೂ ಇಲ್ಲದ ಹಾಗೆ ಆರಿಸಿ. ಲೇಡೀಸ್ ಡಬ್ಬಿಯಲ್ಲಿ ಆ ಚೀಲ ಮಡಿಲಲ್ಲಿಟ್ಟುಕೊಂಡು ಬಂದೆ. ಠಾಣೆ ದಾಟುವಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಜನ ಬಣ್ಣ ಹಾಕುವ ಕ್ರಮ ಕೇಳಿಕೊಂಡಿದ್ದರು. ಒಬ್ಬರು ಬರೆದುಕೊಂಡರು ಕೂಡ.

ಸಿಪ್ಪೆಯನ್ನು 3 ಲೀಟರ್ ನೀರಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕುದಿಸಿ. ನೀರು ದಟ್ಟ ಕೆಂಪು ಕಂದು ಆಗುತ್ತದೆ. ಹಳೇ ಬಟ್ಟೆಯಲ್ಲಿ ಸೋಸಿ. ಸಿಪ್ಪೆ ಉಳಿದರೆ ಬಟ್ಟೆಗೆ ಅಂಟಿ ಚುಕ್ಕೆ ಬೀಳುತ್ತದೆ. ಸೋಸಿದ ನೀರು ಸ್ವಲ್ಪ ಆರಿದ ಮೇಲೆ, ತಯಾರಿಟ್ಟ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಇಳಿಸಿ. ಒಣ ಬಟ್ಟೆ ಹಾಕಿದರೆ ಮಡಿಕೆಯ ಗೆರೆ ಉಳಿಯುತ್ತದೆ. ಮತ್ತೆ ಉರಿ ಹಚ್ಚಿ ನಿಧಾನವಾಗಿ ಬಿಸಿ ಮಾಡಿ. ಕುದಿ ಬರುವ ಹಂತದಲ್ಲೇ ಇಟ್ಟು ಮುಕ್ಕಾಲು ಗಂಟೆ ಬಿಡಿ. ಮೊದಲ ಹತ್ತು ನಿಮಿಷ ಪಾತ್ರೆ ಬಿಟ್ಟು ಎಲ್ಲೂ ಹೋಗಬೇಡಿ, ಸೌಟಿನಿಂದ ಮಗುಚುತ್ತಲೇ ಇರಿ. ಬಣ್ಣ ಒಂದೇ ಸಮ ಬರುವುದು ಆ ಹತ್ತು ನಿಮಿಷದಲ್ಲಿ.

ಒಲೆ ಆರಿಸಿ, ಅದೇ ನೀರಲ್ಲಿ ರಾತ್ರಿಯಿಡೀ ತಣ್ಣಗಾಗಲು ಬಿಡಿ. ಬೆಳಿಗ್ಗೆ ಎತ್ತಿದಾಗ ಬಟ್ಟೆ ಬೆಲ್ಲದ ಪಾಕದ ಬಣ್ಣ. ಒಣಗಿದ ಮೇಲೆ ಒಂದು ಮೆಟ್ಟಿಲು ತಿಳಿಯಾಗಿ, ಕಿತ್ತಳೆ ಬೆರೆತ ಬಂಗಾರದ ಬಣ್ಣಕ್ಕೆ ನಿಲ್ಲುತ್ತದೆ. ಒದ್ದೆ ಬಟ್ಟೆಯ ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

ಪಾತ್ರೆಯ ನೀರಲ್ಲಿ ಇನ್ನೂ ಬಣ್ಣ ಉಳಿದಿರುತ್ತದೆ. ಇನ್ನೊಂದು ತುಂಡು ಹಾಕಿದರೆ ತೆಳು ಹಳದಿ ಸಿಗುತ್ತದೆ. ಕೌದಿಗೆ ಇಂಥ ತೆಳು ಗಾಢ ಎರಡೂ ಬೇಕು.

ಕಬ್ಬಿಣದ ನೀರು

ನನ್ನ ಕಣ್ಣಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಡುವುದು ಇದು. ಒಂದು ಗಾಜಿನ ಭರಣಿಯಲ್ಲಿ ತುಕ್ಕು ಹಿಡಿದ ಮೊಳೆ, ತಿರುಪು ಒಂದು ಹಿಡಿ ಹಾಕಿ. 100 ಗ್ರಾಂ ಬೆಲ್ಲ, 1 ಲೀಟರ್ ನೀರು ಸೇರಿಸಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹುಳಿಯುವಾಗ ಗಾಳಿ ಹುಟ್ಟುತ್ತದೆ. ಬಟ್ಟೆ ಕಟ್ಟಿ ಗ್ಯಾಲರಿಯ ಮೂಲೆಯಲ್ಲಿ ಎರಡು ಮೂರು ವಾರ ಇಡಿ. ಮಕ್ಕಳ ಕೈಗೆ ಸಿಗದಿರಲಿ, ಮೇಲೆ ಚೀಟಿ ಅಂಟಿಸಿ. ನೊರೆ ಬರುತ್ತದೆ, ಹುಳಿ ವಾಸನೆ ಬರುತ್ತದೆ, ನೀರು ಕಪ್ಪು ಕಂದಾಗುತ್ತದೆ. ಆಮೇಲೆ ಸೋಸಿ ಇಟ್ಟುಕೊಳ್ಳಿ. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆಯುವ ಕಲಂಕಾರಿಯವರು ಕಪ್ಪು ಗೆರೆ ಎಳೆಯುವುದೂ ಬೆಲ್ಲ ಮತ್ತು ಕಬ್ಬಿಣವನ್ನು ಹೀಗೆ ಹುಳಿಸಿದ ನೀರಿನಿಂದಲೇ.

ಅರ್ಧ ಬಕೆಟ್ ನೀರಿಗೆ ಎರಡು ಮೂರು ಚಮಚ ಈ ನೀರು ಹಾಕಿ ಕಲಕಿ. ಈರುಳ್ಳಿ ಸಿಪ್ಪೆಯ ಬಂಗಾರದ ಬಟ್ಟೆಯನ್ನು ಒದ್ದೆ ಮಾಡಿ ಅದ್ದಿ. ಕಣ್ಣೆದುರಿಗೇ ಬಣ್ಣ ಓಡಲು ಶುರುವಾಗುತ್ತದೆ. ಬಂಗಾರ ಮೊದಲು ಮಂಕಾಗುತ್ತದೆ. ಆಮೇಲೆ ಅಂಚಿನಿಂದ ಹಸಿರು ಹತ್ತಿಕೊಂಡು ಬರುತ್ತದೆ. ಎರಡು ನಿಮಿಷದಲ್ಲಿ ಇಡೀ ಬಟ್ಟೆ ಮಳೆಗಾಲದ ಪಾಚಿಯ ಬಣ್ಣ. ನನ್ನ ಮಗಳು ಮೊದಲ ಸಲ ಇದನ್ನು ನೋಡಿ ಬಕೆಟ್ಟಿನ ಪಕ್ಕ ಕೂತವಳು ಏಳಲೇ ಇಲ್ಲ. ಒಂದಾದ ಮೇಲೊಂದು ಚಿಂದಿ ತಂದು ಅದ್ದುತ್ತಿದ್ದಳು.

ಬೇಕಾದ ಬಣ್ಣ ಬಂದ ಕ್ಷಣ ತೆಗೆದು, ಎರಡು ಮೂರು ನೀರಲ್ಲಿ ಚೆನ್ನಾಗಿ ತೊಳೆಯಿರಿ. ಐದು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಕಬ್ಬಿಣ ಹೆಚ್ಚಾದರೆ ಹತ್ತಿಯ ಎಳೆ ಸವೆದು ಬೇಗ ಹರಿಯುತ್ತದೆ. ಕಬ್ಬಿಣದ ನೀರಿಗೆ ಬಳಸುವ ಬಕೆಟ್, ಕೈಗವಸು ಬೇರೆಯೇ ಇರಲಿ. ಒಂದು ಹನಿ ತಾಗಿದರೂ ಬೇರೆ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಬೀಳುತ್ತದೆ.

ಉಳಿದ ಬಣ್ಣಗಳು

ದಾಳಿಂಬೆ ಸಿಪ್ಪೆ ಒಣಗಿಸಿಟ್ಟುಕೊಳ್ಳಿ. ಜ್ಯೂಸ್ ಅಂಗಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಕ್ರಮ ಈರುಳ್ಳಿಯದೇ. ಮಣ್ಣು ಬೆರೆತ ಹಳದಿ ಬರುತ್ತದೆ. ಇದರಲ್ಲೇ ಒಗರು ತುಂಬಾ ಇರುವುದರಿಂದ ಕಬ್ಬಿಣದ ನೀರಿಗೆ ಅದ್ದಿದರೆ ಹೆಚ್ಚುಕಡಿಮೆ ಕಪ್ಪೇ ಆಗುತ್ತದೆ. ಕೌದಿಯ ಅಂಚಿಗೆ ನಾನು ಬಳಸಿದ್ದು ಇದೇ.

ಚೆಂಡುಹೂವಿಗೆ ಕಾಲ ನೋಡಬೇಕು. ದಸರಾ, ದೀಪಾವಳಿಗೆ ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಝೇಂಡು ರಾಶಿ ರಾಶಿ ಬೀಳುತ್ತದೆ. ಬಾಗಿಲಿಗೆ ಕಟ್ಟಿದ ತೋರಣ ಬಾಡಿದ ಮೇಲೆ ಎಸೆಯಬೇಡಿ. ಹಸಿರು ತೊಟ್ಟು ಕಿತ್ತು ಬರೀ ಎಸಳು ಒಣಗಿಸಿ. ತೊಟ್ಟು ಸೇರಿದರೆ ಹಳದಿ ಮಂಕಾಗುತ್ತದೆ. ಹಸಿ ಎಸಳಾದರೆ ಬಟ್ಟೆಯ ತೂಕದ ಎರಡು ಮೂರು ಪಟ್ಟು, ಒಣಗಿದ್ದಾದರೆ ಸಮ ತೂಕ. ಆ ಹಳದಿ ಎಷ್ಟು ಶುದ್ಧ ಅಂದರೆ ಸೂರ್ಯಕಾಂತಿ ಹೊಲದ ನೆನಪು ಬರುತ್ತದೆ.

ಹಳದಿಗೆ ಅರಿಶಿನ ಇದೆಯಲ್ಲ ಅಂತ ನೀವು ಕೇಳಬಹುದು. ಅರಿಶಿನ ಬಟ್ಟೆಗೆ ಬೇಗ ಹತ್ತುತ್ತದೆ, ಬೇಗ ಬಿಸಿಲಿಗೆ ಹೋಗುತ್ತದೆ. ಸೋಪು ತಾಗಿದರೆ ಕೆಂಪಾಗುತ್ತದೆ. ಆರತಿಗೆ ಅರಿಶಿನ ನೀರಿಗೆ ಸುಣ್ಣ ಹಾಕಿ ಓಕುಳಿ ಮಾಡುತ್ತಾರಲ್ಲ, ಅದೇ ಸಂಗತಿ. ಮಕ್ಕಳಿಗೆ ತೋರಿಸಲು ಚೆಂದ, ವರ್ಷಗಟ್ಟಲೆ ಹೊದೆಯುವ ಕೌದಿಗೆ ಬೇಡ.

ಕೆಂಪು ಬೇಕೆಂದರೆ ಮಂಜಿಷ್ಠ. ಗ್ರಂಧಿಗೆ ಅಂಗಡಿಯ ಬೇರು ಅಥವಾ ಪುಡಿ, 100 ಗ್ರಾಂ ಬಟ್ಟೆಗೆ 50 ರಿಂದ 100 ಗ್ರಾಂ. ಹಿಂದಿನ ರಾತ್ರಿ ನೆನೆಸಿ. ಇದನ್ನು ಮಾತ್ರ ಕುದಿಸಬಾರದು. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಕಾಣುವ ಮೊದಲೇ ಉರಿ ತಗ್ಗಿಸಿ, ಸುಮಾರು 60 ರಿಂದ 70 ಡಿಗ್ರಿಯಲ್ಲಿ ಒಂದು ತಾಸು ಇಡಿ. ಕುದಿ ಬಂದರೆ ಕೆಂಪಿನ ಜೊತೆ ಕಂದು ಇಳಿದು ಇಟ್ಟಿಗೆಯ ಹಾಗೆ ಆಗುತ್ತದೆ. ನನ್ನದು ಎರಡು ಸಲ ಹಾಗೇ ಆಯಿತು. ಮೂರನೇ ಸಲ ಬಂದ ಕೆಂಪನ್ನು ನೋಡಿ ಅವ್ವ "ಇದು ನಮ್ಮ ಇಳಕಲ್ಲ ಸೆರಗು ಇದ್ದಂಗೈತಿ" ಅಂದಳು. ನನಗೆ ಅದಕ್ಕಿಂತ ದೊಡ್ಡ ಮಾತು ಬೇಕಿರಲಿಲ್ಲ.

ನೀಲಿಯನ್ನು ಮೊದಲ ವರ್ಷ ಮುಟ್ಟಬೇಡಿ ಅನ್ನುತ್ತೇನೆ. ನೀಲಿ ಗಿಡದ ಬಣ್ಣ ನೀರಲ್ಲಿ ಕರಗುವುದಿಲ್ಲ. ಸುಣ್ಣ ಮತ್ತು ಹಣ್ಣಿನ ಸಕ್ಕರೆ ಸೇರಿಸಿ, ತೊಟ್ಟಿಯ ನೀರಲ್ಲಿರುವ ಆಮ್ಲಜನಕ ಕಳೆದು ಕರಗಿಸಬೇಕು. ಬಟ್ಟೆ ಹಸಿರಾಗಿ ಹೊರಬಂದು ಗಾಳಿಗೆ ನೀಲಿಯಾಗುತ್ತದೆ. ಅದು ಬೇರೆಯೇ ವಿದ್ಯೆ. ನಮ್ಮ ಉತ್ತರ ಕರ್ನಾಟಕದಲ್ಲಿ ನೀಲಗಾರ, ರಂಗರೇಜ ಅನ್ನುವ ಅಡ್ಡಹೆಸರು ಇವತ್ತಿಗೂ ಇವೆ. ತಲೆತಲಾಂತರದಿಂದ ಬಟ್ಟೆಗೆ ಬಣ್ಣ ಹಾಕುತ್ತಿದ್ದ ಮನೆತನಗಳು. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಅನ್ನುವ 18 ವರ್ಷದ ಹುಡುಗ ಮಲೇರಿಯಾ ಔಷಧಿ ಮಾಡಲು ಹೋಗಿ, ಡಾಂಬರಿನಿಂದ ಬಂದ ವಸ್ತುವಿನಲ್ಲಿ ನೇರಳೆ ಬಣ್ಣ ಕಂಡ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಡಬ್ಬಿಯ ಬಣ್ಣ ಅಗ್ಗ, ಬೇಗ, ಎಲ್ಲ ಕಡೆ ಒಂದೇ ಥರ. ಬೇರು ತೊಗಟೆಯ ಬಣ್ಣಗಳು ಹಿಂದೆ ಸರಿದವು. ಹೆಸರು ನೀಲಗಾರ ಅಂತಿದ್ದರೂ ನೀಲಿ ತೊಟ್ಟಿ ಕಂಡೇ ಇರದ ಗೆಳತಿಯರು ನನಗಿದ್ದಾರೆ. ಸ್ವಾತಂತ್ರ್ಯ ಬಂದ ಮೇಲೆ ಕೈಕಸುಬುಗಳ ಬೆನ್ನಿಗೆ ನಿಂತವರಲ್ಲಿ ಮುಖ್ಯರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಅವರೇ ನಡೆಸಿದರು. ಇವತ್ತು ಅಳಲೆಕಾಯಿ, ಮಂಜಿಷ್ಠದ ಮಾತು ನಮ್ಮ ಕಿವಿಗೆ ಬೀಳುತ್ತಿರುವುದರಲ್ಲಿ ಅಂಥವರ ದುಡಿಮೆ ಇದೆ ಅಂತ ನಾನು ನಂಬುತ್ತೇನೆ.

ಬಣ್ಣ ನಿಂತಿದೆಯಾ?

ಪ್ರತಿ ಬಣ್ಣದಿಂದ ಒಂದು ಪಟ್ಟಿ ಕತ್ತರಿಸಿ. ಅರ್ಧ ಭಾಗ ದಪ್ಪ ಪುಸ್ತಕದೊಳಗೆ, ಅರ್ಧ ಹೊರಗೆ ಇರುವಂತೆ ಮಾಡಿ ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ತೆಗೆದಾಗ ಎರಡು ಭಾಗಕ್ಕೆ ಎಷ್ಟು ವ್ಯತ್ಯಾಸ ಇದೆಯೋ ಬಣ್ಣ ಅಷ್ಟು ಸೋತಿದೆ. ಒಗೆಯಲು ಖಾರವಾದ ಡಿಟರ್ಜೆಂಟ್ ಬೇಡ. ಅಂಟುವಾಳದ ಕಾಯಿ ನೆನೆಸಿದ ನೀರು ಸಾಕು, ಇಲ್ಲಿ ರಿಠಾ ಅಂತ ಸಿಗುತ್ತದೆ. ನೆರಳಲ್ಲಿ ಒಣಗಿಸಿ. ಸಿಪ್ಪೆ, ಎಸಳನ್ನು ಗಿಡದ ಕುಂಡಕ್ಕೆ ಹಾಕಿ. ಪಟಿಕದ ನೀರನ್ನು ಗಿಡಕ್ಕೆ ಹಾಕದೆ, ಜಾಸ್ತಿ ನೀರು ಬೆರೆಸಿ ಮೋರಿಗೆ ಬಿಡಿ.

ಈ ಕೆಲಸವೆಲ್ಲ ಅಕ್ಟೋಬರಿನಿಂದ ಮೇ ಒಳಗೆ ಮುಗಿಸಿಕೊಳ್ಳಿ. ಜೂನ್ ಬಂದರೆ ಮುಂಬಯಿಯಲ್ಲಿ ಕರ್ಚೀಫು ಒಣಗುವುದೂ ಕಷ್ಟ. ಅರ್ಧ ಒಣಗಿದ ಬಟ್ಟೆಗೆ ಬೂಷ್ಟು ಬಂದರೆ ಆ ಕಲೆ ಯಾವ ಬಣ್ಣದಿಂದಲೂ ಮುಚ್ಚುವುದಿಲ್ಲ. ಮಳೆಗಾಲ ಹೊಲಿಗೆಗೆ ಇರಲಿ.

ಕೌದಿ

ಮಗುವಿನ ಕೌದಿಗೆ 3 ಅಡಿ ಅಗಲ, 4 ಅಡಿ ಉದ್ದ ಸಾಕು. ಮೊದಲ ಕೌದಿ ಸಣ್ಣದೇ ಇರಲಿ, ಮುಗಿಸಿದ ಖುಷಿ ಬೇಗ ಸಿಗುತ್ತದೆ. ಕೆಳಗೆ ಒಂದು ಪದರ ಗಟ್ಟಿ ಬಟ್ಟೆ. ಅದರ ಮೇಲೆ ಒಂದೋ ಎರಡೋ ಪದರ ಹಳೇ ಸೀರೆ. ಮೇಲೆ ಬಣ್ಣದ ತುಂಡುಗಳು. ಮುಂಬಯಿಯ ಸೆಖೆಗೆ ಒಟ್ಟು ಮೂರು ಪದರ ಸರಿ, ಗದಗಿನ ಚಳಿಗಾದರೆ ಇನ್ನೂ ಎರಡು ಹಾಕಬಹುದು.

ನೆಲ ಒರೆಸಿ ಪದರಗಳನ್ನು ಹಾಸಿ. ಕೈಯಿಂದ ನಡುವಿನಿಂದ ಹೊರಗೆ ಸವರಿ ಸುಕ್ಕು ತೆಗೆಯಿರಿ. ಅಡ್ಡ ಉದ್ದ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಎಲ್ಲ ಪದರ ಹಿಡಿಸಿ, ಇಲ್ಲದಿದ್ದರೆ ಮುಂದೆ ಜಾರುತ್ತವೆ. ತುಂಡುಗಳನ್ನು ಮೊದಲೇ ಪೂರ್ತಿ ಜೋಡಿಸಿ ಇಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಅಂಚಿನಿಂದ ಶುರು ಮಾಡಿ, ಒಂದೊಂದೇ ತುಂಡಿನ ಅಂಚು ಒಳಗೆ ಮಡಚಿ ಇಡುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುವುದು. ಯಾವ ಬಣ್ಣದ ಪಕ್ಕ ಯಾವುದು ಅಂತ ಕೈಗೆ ಸಿಕ್ಕಾಗ ತೋಚುತ್ತದೆ. ಕಾಳಿ ನದಿಯ ಆಚೀಚೆ ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿಯೂ ಹೀಗೆ ಅಂಚಿನಿಂದ ಒಳಗೆ ಸುತ್ತುತ್ತದೆ. ಅವರು ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಹೂ ಇಡುತ್ತಾರೆ. ಅದಿಲ್ಲದೆ ಕೌದಿ ಮುಗಿದ ಲೆಕ್ಕವಲ್ಲ.

ಉದ್ದ ಸೂಜಿ, ದಪ್ಪ ಹತ್ತಿ ನೂಲು. ನೂಲನ್ನೂ ಲಡಿ ಮಾಡಿ ಬಟ್ಟೆಯ ಜೊತೆಗೇ ಬಣ್ಣಕ್ಕೆ ಹಾಕಿಬಿಡಿ. ಹೊಲಿಗೆ ಜೋಳದ ಕಾಳಿನಷ್ಟು. ಎರಡು ಸಾಲಿನ ನಡುವೆ ಒಂದು ಬೆರಳು ಜಾಗ. ಸೂಜಿ ಎಲ್ಲ ಪದರ ದಾಟಿತಾ ಅಂತ ಕೆಳಗಿನ ಕೈ ನೋಡಿಕೊಳ್ಳುತ್ತಿರಬೇಕು. ದಾರ ಬಿಗಿ ಎಳೆದರೆ ಬಟ್ಟೆ ಸುರುಟಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಕಾಲಿನ ಬೆರಳಿಗೆ ಸಿಕ್ಕಿ ಹರಿಯುತ್ತದೆ. ಮೊದಲ ಎರಡು ಸುತ್ತು ಸೊಟ್ಟ ಹೋಗುತ್ತವೆ, ಬಿಚ್ಚಬೇಡಿ. ಮೂರನೇ ಸುತ್ತಿಗೆ ಕೈ ತಾನೇ ಕಲಿತಿರುತ್ತದೆ.

ನಾನು ದಿನಾ ರಾತ್ರಿ ಅರ್ಧ ಗಂಟೆ ಹೊಲಿದೆ. ಪಕ್ಕದ ಮನೆಯ ಮರಾಠಿ ಕಾಕೂ ಬಂದು ಎದುರಿನ ಅಂಚು ಹಿಡಿದು ಕೂರುತ್ತಿದ್ದರು. ಅವರ ಮಾತಿನಲ್ಲಿ ಇದು ಗೋಧಡಿ. "ಗೋಧಡೀಚೀ ಊಬ ವೇಗಳೀಚ" ಅನ್ನುತ್ತಿದ್ದರು. ಗೋಧಡಿಯ ಬೆಚ್ಚಗೇ ಬೇರೆ ಅಂತ. ಅವರು ತಮ್ಮ ಅಜ್ಜಿಯ ಹಳೇ ಇರ್ಕಲ್ ಸೀರೆಯ ಅಂಚು ಕೊಟ್ಟರು. ನಮ್ಮ ಇಳಕಲ್ಲನ್ನು ಇಲ್ಲಿ ಇರ್ಕಲ್ ಅನ್ನುತ್ತಾರೆ. ಅಪ್ಪನ ಧೋತರದ ಬಂಗಾರ, ಪಾಚಿ, ಕೆಂಪಿನ ನಡುವೆ ಆ ಅಂಚು ಒಂದು ಕಡೆ ಹೊಳೆಯುತ್ತದೆ. ಜೂನಿನಲ್ಲಿ ಶುರು ಮಾಡಿದ್ದು ಗಣಪತಿ ಹಬ್ಬದ ಹೊತ್ತಿಗೆ ನಡುವಿಗೆ ಬಂತು.

ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. "ಹಂಗ ಮುಚ್ಚಬ್ಯಾಡ, ಅದರ ಹೊಟ್ಟಿ ತುಂಬಿಸು" ಅಂದಳು. ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುವುದು ನಮ್ಮ ಮನೆಯ ಪದ್ಧತಿ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗೆ ಇಡುವುದಿಲ್ಲ ಅನ್ನುತ್ತಾಳೆ ಅವ್ವ. ನೀವೂ ಇಡುವುದಾದರೆ ಕಟಕ ಜೋಳದ ರೊಟ್ಟಿಯೇ ಆಗಬೇಕು, ಮುರಿದರೆ ಕಟ್ ಅನ್ನುವಂಥದ್ದು. ಮೆತ್ತಗಿದ್ದರೆ ಇರುವೆ ಹತ್ತುತ್ತವೆ. ಉಗುರಿನಷ್ಟು ಚೂರು ಸಾಕು. ಅದನ್ನು ಇಟ್ಟು, ತುಂಡಿನ ನಾಲ್ಕೂ ಬದಿ ಒಳಗೆ ಮಡಚಿ ಹೊಲಿದು, ಗಂಟನ್ನು ಪದರದ ನಡುವೆ ಅಡಗಿಸಿ ದಾರ ಕತ್ತರಿಸಿ.